ಕಿವಿಯ ಹತ್ತಿರ ಒಂದು ಗೂಡು

ಶಿಡ್ಲಘಟ್ಟದ ಹತ್ತಿರದ ನಮ್ಮೂರಿನ ಮನೆಯಲ್ಲಿ ರೇಷ್ಮೆಹುಳುಗಳು ಬಿದಿರಿನ ತಟ್ಟೆಯಾದ ಚಂದ್ರಿಕೆ ಏರಿ ಗೂಡು ಕಟ್ಟುತ್ತಿದ್ದಾಗ ನನ್ನ ಹೆಂಡತಿ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಹೃದಯದ ಪರೀಕ್ಷೆಗೆಂದು ರಕ್ತ ತೆಗೆದರು. ನನಗೋ ಮೂಗಿನ ತುದಿಯಲ್ಲೇ ಕೋಪ.

"ಮುರಿದಿರೋದು ಸೊಂಟ, ನೀವು ನೋಡ್ತಿರೋದು ಹೃದಯ. ಇದ್ಯಾವ ಸೀಮೆ ಡಾಕ್ಟರಿಕೆ?" ಎಂದು ಹರಿಹಾಯ್ದೆ.

ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ತಾತ, ಆಪರೇಷನ್ ಆದ್ಮೇಲೆ ಕೆಲವರ ಹೃದಯಕ್ಕೆ ಪೆಟ್ಟು ಬಿದ್ದಿರುತ್ತೆ. ನೋವಿಗೆ ಔಷಧಿ ಕೊಡ್ತಿರ್ತೀವಲ್ಲ, ಎದೆನೋವೇ ಗೊತ್ತಾಗಲ್ಲ. ರಕ್ತ ನೋಡಿದ್ರೇನೇ ತಿಳಿಯೋದು."

ಸಂಜೆಯ ರಿಪೋರ್ಟಿನಲ್ಲಿ ಪೆಟ್ಟು ಬಿದ್ದಿರುವುದು ಕಂಡಿತು. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಮತ್ತೆ ರಕ್ತ ನೋಡಬೇಕು, ಈಗ ಮನೆಗೆ ಹೋದರೆ ಜೀವಕ್ಕೇ ಅಪಾಯ ಎಂದರು.

ಇವಳು ಮಾತ್ರ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಳು. "ನಂಗೆಲ್ಲೂ ನೋವಿಲ್ಲ ಕಣ್ರೀ. ನಾನಿಲ್ದಿದ್ರೆ ನೀವು ಆತುರಕ್ಕೆ ಚಂದ್ರಿಕೆಯಿಂದ ಗೂಡನ್ನ ಹಸೀದೇ ಬಿಡಿಸಾಕ್ತೀರ. ಮನೆಗೆ ಕರ್ಕೊಂಡ್ಹೋಗಿ."

ಪ್ರತಿ ಬೆಳೆಯಲ್ಲೂ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಗಟ್ಟಿಯಾಗಿ ಗಲಗಲ ಎನ್ನುವ ಸದ್ದು ಕೇಳಿ "ಹೂಂ, ಬಿಡಿಸಿ" ಅನ್ನುವವಳು ಅವಳೇ. ಒಳಗೆ ಹುಳು ಸತ್ತು ಕರಗಿಹೋದ ಗೂಡೂ ಎಷ್ಟೋ ಸಲ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ರೇಗಿದೆ, ಬೇಡಿಕೊಂಡೆ. ಅವಳು ಜಗ್ಗಲಿಲ್ಲ. ಕೊನೆಗೆ ತಮ್ಮನ ಹೆಂಡತಿಗೆ ಫೋನ್ ಮಾಡಿದೆ. ಬೆಳಿಗ್ಗೆ ತಿಂಡಿಯ ಜೊತೆ ಅವಳು ತಂದ ಒಂದು ಗೂಡನ್ನು ಇವಳ ಅಂಗೈಯಲ್ಲಿಟ್ಟೆ. ಮುಖ ಅರಳಿತು. ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು.

"ಇನ್ನೂ ಆಗಿಲ್ಲ. ನಾಳೆ ನೋಡ್ಬೇಕು."

"ಮೇಲೆ ಚೆನ್ನಾಗೇ ಇದೆಯಲ್ಲ?"

"ಮೇಲೆ ನೋಡಿದ್ರೆ ಒಳಗಿಂದು ಗೊತ್ತಾಗುತ್ತೇನ್ರೀ?" ಅಂದವಳು ಗೂಡನ್ನು ಕಿವಿಯಿಂದ ಇಳಿಸಿ ತನ್ನ ಎದೆಯತ್ತ ನೋಡಿಕೊಂಡಳು.

ಬೈಯಬೇಕೆಂದುಕೊಂಡಿದ್ದೆ. ಆದರೆ ಅವಳ ಪಕ್ಕ ಕೂತು, "ನಂಗೆ ಹೆದರಿಕೆ ಆಗ್ತಿದೆ ಕಣೇ. ನೀನಿಲ್ದೆ ಆ ಮನೇಲಿ ನಾನೇನು ಮಾಡ್ಲಿ?" ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಅಂಥ ಮಾತು ಆಡಿದವನಲ್ಲ ನಾನು.

ಅವಳು ನನ್ನನ್ನೇ ನೋಡುತ್ತಿದ್ದಳು. ರಕ್ತ ತೆಗೆಯುವ ಹುಡುಗಿ ಬಂದಾಗ ಗೂಡನ್ನು ನನ್ನ ಕೈಗಿತ್ತು, ಹೊದಿಕೆಯಿಂದ ತೋಳನ್ನು ತಾನಾಗಿ ಹೊರಗೆ ಚಾಚಿದಳು.

"ತಗೊಳಮ್ಮ, ಒಳಗೆ ಹೆಂಗಿದೀನೋ ನೋಡು," ಎಂದಳು. "ಆಮೇಲೆ ಇವರದ್ದೂ ಸ್ವಲ್ಪ ನೋಡು ತಾಯಿ. ಇವರೂ ನೋವು ಅಂತ ಬಾಯಿಬಿಟ್ಟು ಹೇಳೋರಲ್ಲ."