ಕೇಳದೆ ತುಂಬಿದ ಮಡಿಲು

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು, ಹಳದಿಗಟ್ಟಿತ್ತು. ಬೇಕೆಂದೇ ಬೆಳೆಸಿದ್ದ. ಚಳ್ಳಕೆರೆಯ ಮಾರ್ಕೆಟ್ಟಿನಲ್ಲಿ ಅವನದು ಶೇಂಗಾ ದಲಾಲಿ ಮಂಡಿ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಕಾಯಿ ಎತ್ತಿ, ಆ ಉಗುರಿನಿಂದ ಚಟ್ಟನೆ ಸೀಳಿ ಬೀಜ ನೋಡುತ್ತಿದ್ದ. ಮನೆಗೆ ಬಂದರೆ ಅದೇ ಉಗುರನ್ನು ನಮ್ಮ ಗಲ್ಲದ ಕೆಳಗೆ ಒತ್ತಿ, ಮುಖ ಮೇಲೆತ್ತಿ, "ಎಷ್ಟು ಬಂದ್ವೇ ಮಾರ್ಕ್ಸು?" ಎನ್ನುತ್ತಿದ್ದ. ಸತ್ತವರನ್ನು ಬಹುವಚನದಲ್ಲಿ ನೆನೆಯಬೇಕಂತೆ. ನನ್ನಿಂದ ಆಗುವುದಿಲ್ಲ.

ನಮ್ಮೂರು ಮೊಳಕಾಲ್ಮುರು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಮಗ್ಗ ಆಡಿದಷ್ಟು ಸದ್ದನ್ನೂ ಬಾಯಲ್ಲಿ ಮಾಡುತ್ತಿರಲಿಲ್ಲ. ಅವ್ವನಿಗೆ ಅಣ್ಣ ಹೇಳಿದ್ದೇ ವೇದವಾಕ್ಯ. ಹತ್ತನೇ ತರಗತಿ ಮುಗಿದ ಮೇಲೆ ನಾನು ಚಳ್ಳಕೆರೆಯಲ್ಲಿ ಮಾವನ ಮನೆಯಲ್ಲಿದ್ದುಕೊಂಡೇ ಪಿಯುಸಿ ಓದಿದೆ. ಸುಳ್ಳು ಹೇಳಬಾರದು, ಸೈನ್ಸಿಗೆ ಸೀಟಿಲ್ಲ ಎಂದು ಕಾಲೇಜಿನವರು ವಾಪಸು ಕಳಿಸಿದಾಗ ಪ್ರಿನ್ಸಿಪಾಲರ ಬಾಗಿಲಲ್ಲಿ ಬೆಳಗಿನಿಂದ ಕೂತು ಸೀಟು ಕೊಡಿಸಿದವನೂ ಅವನೇ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೇರಿದಾಗ ಮಂಡಿಗೆ ಬಂದವರಿಗೆಲ್ಲ ಪೇಡ ಹಂಚಿದ. "ನಮ್ಮ ಹುಡುಗಿ ಕಂಪ್ಯೂಟ್ರು ಕಣ್ರಿ" ಎಂದು ರಾಯದುರ್ಗದ ಎಣ್ಣೆ ಮಿಲ್ಲಿನವರ ಮುಂದೆ ಹೊಗಳಿದ. ನಾನೂ ಹಿಗ್ಗಿದೆ. ಅವನು ಮಾಲಿನ ಗುಣ ಹೇಳುತ್ತಿದ್ದ ಎಂಬುದು ಗೊತ್ತಾಗಲು ವರ್ಷಗಳೇ ಹಿಡಿದವು.

ವ್ಯಾಪಾರದಲ್ಲಿ ಅವನದೊಂದು ಪದ್ಧತಿಯಿತ್ತು. ಮಾರುವವನ ಹತ್ತಿರ ಒಂದು ಮಾತು, ಕೊಳ್ಳುವವನ ಹತ್ತಿರ ಇನ್ನೊಂದು ಮಾತು ಆಡಿಕೊಂಡು, ಕೊನೆಗೆ ಇಬ್ಬರನ್ನೂ ಮಂಡಿಯ ಗಾದಿಯ ಮೇಲೆ ಕೂರಿಸಿ, ಟೀ ತರಿಸಿ, ಎಲ್ಲ ಆಗಲೇ ಮುಗಿದಿದೆ ಎನ್ನುವಂತೆ ಎಲೆ ಅಡಿಕೆ ಕೊಟ್ಟುಬಿಡುತ್ತಿದ್ದ. "ನಾಕು ಜನದ ಮುಂದೆ ಕೂರ್ಸಿದ್ರೆ ಮುಗೀತು. ಯಾವನೂ ಎದ್ದು ಹೋಗಲ್ಲ" ಎನ್ನುವುದು ಅವನ ಮಾತು. ಮನೆಯಲ್ಲೂ ಅದೇ ನಡೆ. ಅತ್ತೆಯ ಸೀರೆಯ ಬಣ್ಣ, ಮಕ್ಕಳ ಶಾಲೆ, ಕೊನೆಗೆ ಅವತ್ತಿನ ಸಾರು ಯಾವುದೆಂಬುದೂ ಅವನದೇ ತೀರ್ಮಾನ. "ನಿಂಗೇನು ಬೇಕು?" ಎಂದು ಅವನು ಯಾರನ್ನಾದರೂ ಕೇಳಿದ್ದನ್ನು ನಾನು ಆ ಮನೆಯಲ್ಲಿದ್ದಷ್ಟು ಕಾಲ ಕಾಣಲಿಲ್ಲ.

ಬಿ.ಇ. ಮುಗಿದ ಮೇಲೆ ನನಗೆ ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಸಾಫ್ಟ್‌ವೇರ್ ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್. ಆ ಕಾಲಕ್ಕೆ ಅಲ್ಲಿ ಹೊರಗಿನವರಿಗೂ ಫೀಸಿರಲಿಲ್ಲ. ಇಲ್ಲದಿದ್ದರೆ ನೇಕಾರನ ಮಗಳು ಆ ಕನಸನ್ನೇ ಕಾಣುತ್ತಿರಲಿಲ್ಲ. ಸುದ್ದಿ ಕೇಳಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಮ್ಯಾನೇಜ್‌ಮೆಂಟ್ ಕಲಿಯಾಕೆ ಅಷ್ಟು ದೂರ ಹೋಗ್ಬೇಕೇನೇ? ನನ್ನ ಮಂಡಿಗೆ ಬಂದು ಕೂತ್ಕ, ನಾನೇ ಕಲಿಸ್ತೀನಿ." ನಾವೂ ನಕ್ಕೆವು. ಅವನು ಬೇಡ ಎನ್ನಲಿಲ್ಲ. ಕೂಗಾಡಲಿಲ್ಲ. ನಮಗೆ ಆಗಲೇ ಅನುಮಾನ ಬರಬೇಕಿತ್ತು.

ಹೊರಡುವ ವಾರ ಅವ್ವನಿಗೆ ಹೇಳಿಕಳಿಸಿದ: "ಸಮುದ್ರ ದಾಟೋ ಹೆಣ್ಮಗಳನ್ನ ಬರೀ ಮಡಿಲಲ್ಲಿ ಕಳಿಸ್ತಾರೇನು? ಕರ್ಕೊಂಬಾ, ಮಡ್ಲಕ್ಕಿ ತುಂಬಿ ಕಳಿಸೋಣ." ಅವ್ವ ಕಣ್ಣೊರೆಸಿಕೊಂಡಳು. ಅಣ್ಣನ ಮನಸ್ಸು ಎಷ್ಟು ದೊಡ್ಡದು ಎಂದು ಬೀದಿಗೆಲ್ಲ ಹೇಳಿದಳು. ಮೂವರೂ ಚಳ್ಳಕೆರೆಗೆ ಹೋದೆವು.

ನಡುಮನೆಯಲ್ಲಿ ಮಣೆ ಹಾಕಿದ್ದರು. ಅತ್ತೆ ಕುಂಕುಮವಿಟ್ಟು ನನ್ನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿದಳು. ಮಂಡಿಯ ಜನವೆಲ್ಲ ಸೇರಿತ್ತು. ಆಮೇಲೆ ನಾನು ಕಂಡೇ ಇರದ ಹೆಂಗಸೊಬ್ಬಳು ಸೀರೆ, ತೆಂಗಿನಕಾಯಿ ಹಿಡಿದು ಮುಂದೆ ಬಂದಳು. ಅವುಗಳನ್ನು ನನ್ನ ಮಡಿಲಲ್ಲಿಟ್ಟು, ಹಿಂದೆ ತಿರುಗಿ "ಮಾ ಕೋಡಲು" ಎಂದಳು. ನಮ್ಮ ಸೊಸೆ! ಮೊಳಕಾಲ್ಮುರಿನವರಿಗೆ ತೆಲುಗನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮದುವೆಯಾಗದ ಹುಡುಗಿಯ ಮಡಿಲನ್ನು ಬೇರೆ ಮನೆಯವರು ತುಂಬಿದರೆ ನಮ್ಮಲ್ಲಿ ಸಂಬಂಧ ಗೊತ್ತಾದಂತೆ. ಪಡಸಾಲೆಯಲ್ಲಿ ಮಾವ, ರಾಯದುರ್ಗದ ಮಿಲ್ಲಿನ ಯಜಮಾನನ ಕೈಗೆ ಎಲೆ ಅಡಿಕೆಯ ತಟ್ಟೆ ಕೊಡುತ್ತಿದ್ದ. ಪಕ್ಕದಲ್ಲಿ ಅವರ ಮಗ ತಲೆ ತಗ್ಗಿಸಿ ಕೂತಿದ್ದ.

ನಾನು ಎದ್ದು ನಿಂತೆ. ಅಕ್ಕಿ ಸುರಿಯಿತು, ಕಾಯಿ ಉರುಳಿ ಹೊಸ್ತಿಲಿಗೆ ಬಡಿಯಿತು.

"ಕೂತ್ಕಳೇ. ಜನ ನೋಡ್ತಾ ಐದಾರೆ" ಎಂದ ಮಾವ, ದನಿ ಏರಿಸದೆ.

"ನೋಡ್ಲಿ. ನನ್ನ ಕೇಳಿದ್ಯಾ ಮಾವ?"

ಅವನು ಸುತ್ತ ನೋಡಿ ನಕ್ಕ. "ಶೇಂಗಾನ ಕೇಳಿ ಚೀಲಕ್ಕೆ ತುಂಬ್ತಾರೇನ್ರಪ್ಪ?"

ಎಲ್ಲರೂ ನಕ್ಕರು. ನನ್ನ ಅತ್ತೆಯೂ ನಕ್ಕಳು, ಪಾಪ. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ. "ಕೂತ್ಕಳವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅವ್ವ ಕೈ ಹಿಡಿದಳು. ಬಿಡಿಸಿಕೊಂಡು ಹೊರಗೆ ಬಂದೆ. ಅಪ್ಪ ಚಪ್ಪಲಿ ಹುಡುಕುವುದನ್ನೂ ಬಿಟ್ಟು ನನ್ನ ಹಿಂದೆ ಬಂದ. ಬಸ್ಸು ತಳಕು ದಾಟಿದ ಮೇಲೆ, "ಬಟ್ಟೆ ಜೋಡಿಸ್ಕ. ಅವ್ನು ಇನ್ನೊಂದು ಆಟ ಹೂಡೋದ್ರೊಳಗೆ ಹೊರಡ್ಬೇಕು" ಎಂದ. ಹಾಗೆಯೇ ಹೊರಟೆ.

ಮಾವ ಸೇಡು ತೀರಿಸಿಕೊಂಡದ್ದು ಅವ್ವನ ಮೇಲೆ. ಅವಳು ಮಾಡಿದ್ದಾದರೂ ಏನು? ಗೌರಿ ಹಬ್ಬಕ್ಕೆ ತವರಿನಿಂದ ಬರುತ್ತಿದ್ದ ಬಾಗಿನ ನಿಂತಿತು. ಅವನ ಮಗನ ಮದುವೆಗೆ ಕರೆಯಲಿಲ್ಲ. ಮಾರ್ಕೆಟ್ಟಿನಲ್ಲಿ ಎದುರಾದಾಗ ಮುಖ ತಿರುಗಿಸಿ, "ಮಗಳಿಗೆ ಎದ್ದು ಹೋಗೋದು ಕಲ್ಸಿದ್ದೀಯ, ನೀನೂ ಹೋಗು" ಎಂದನಂತೆ. ಇದನ್ನು ನಾನು ಕ್ಷಮಿಸಲಾರೆ. ನನಗೆ ಮಾಡಿದ್ದನ್ನಾದರೂ ಒಂದು ಪಕ್ಷ ಮರೆತೇನು.

ಸ್ವೀಡನ್ನಿನಲ್ಲಿ ಮೊದಲ ಪಾಠಗಳಲ್ಲೊಂದು, ಸಾಫ್ಟ್‌ವೇರ್ ಕಟ್ಟುವ ಮುಂಚೆ ಅದನ್ನು ಬಳಸುವವರನ್ನು ಕೂರಿಸಿಕೊಂಡು ಅವರ ಬೇಕು ಬೇಡ ಕೇಳುವುದು. ಕೇಳದೆ ಮಾಡಿ ಕೆಟ್ಟ ಕೆಲಸವೊಂದನ್ನು ಹೇಳಿ ಎಂದರು ಮೇಡಂ. ಒಬ್ಬ ಬ್ಯಾಂಕಿನದು ಹೇಳಿದ, ಇನ್ನೊಬ್ಬಳು ಆಸ್ಪತ್ರೆಯದು. ನಾನು ಚಳ್ಳಕೆರೆಯ ಮಡ್ಲಕ್ಕಿಯದು ಹೇಳಿದೆ. ಶೇಂಗಾದ ಮಾತಿಗೆ ಅಲ್ಲಿಯೂ ನಕ್ಕರು. ಮೇಡಂ ನಗದೆ, "ಆಮೇಲೆ ಅವರು ನಿನ್ನನ್ನು ಕೇಳಿದರೇ?" ಎಂದರು. ಇಲ್ಲ ಎಂದೆ. ಆ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂತು, ಮಾವನ ಉಪಕಾರ ಎಂದೇ ಇಟ್ಟುಕೊಳ್ಳಿ.

ಓದು ಮುಗಿದು ಅಲ್ಲೇ ಕೆಲಸಕ್ಕೆ ಸೇರಿದ ಮೇಲೆ ಒಂದು ಮಧ್ಯಾಹ್ನ ಅವ್ವನ ಫೋನು ಬಂತು. ಚಳ್ಳಕೆರೆಯ ಆಸ್ಪತ್ರೆಯಿಂದ, ಮಾವನ ಮಂಚದ ಪಕ್ಕದಿಂದ. ಕರೆಯದಿದ್ದರೂ ಹೋಗಿದ್ದಳು. "ಇವತ್ತೋ ನಾಳೆಯೋ ಅನ್ನಂಗೈತೆ. ಬೇಜಾರಿಲ್ಲ ಮಾವ ಅಂತ ಒಂದು ಮಾತು ಅಂದ್ಬಿಡವ್ವ. ಕಿವಿಗೆ ಹಿಡಿತೀನಿ."

ಅವ್ವನಿಗಾಗಿ ಅಂದುಬಿಡೋಣ ಎಂದು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವನೇ ಶುರು ಮಾಡಿದ. ಉಸಿರು ಕೊಯ್ಯುವಂತೆ ಕೇಳುತ್ತಿತ್ತು.

"ರಾಯದುರ್ಗದ ಹುಡುಗಂದು... ಇನ್ನೂ ಆಗಿಲ್ಲ ಕಣೇ ಮದುವೆ. ನಾನು ಹೇಳಿದ್ರೆ ಈಗ್ಲೂ ಒಪ್ತಾರೆ." ಉಸಿರೆಳೆದುಕೊಂಡ. ಆಮೇಲೆ, "ಏನಂತೀಯ?"

ಕೇಳಿದ್ದ. ಅಷ್ಟು ಕೇಳಲು ಅವನಿಗೆ ಸಾಯುವ ಮಂಚವೇ ಬೇಕಾಯಿತು.

"ಬೇಡ ಮಾವ" ಎಂದೆ.

"ಹೂಂ, ಆಯ್ತು ಬಿಡು" ಎಂದ.

ಅವ್ವ ಫೋನು ತೆಗೆದುಕೊಂಡು, "ಅಂದ್ಯಾ?" ಎಂದಳು. ಅಂದೆ ಎಂದೆ. ಅವಳು ಬಿಕ್ಕಿ ಬಿಕ್ಕಿ ಅಳುತ್ತ, ಪುಣ್ಯ ಕಟ್ಕೊಂಡೆ ಕಣವ್ವ ಎನ್ನುತ್ತಿದ್ದಳು. ನಾನು ಅಂದದ್ದು ಬೇರೆಯೇ ಮಾತು ಎಂದು ಅವಳಿಗೆ ಬಿಡಿಸಿ ಹೇಳಲಿಲ್ಲ.