ಅಕ್ಕನ ಹೆಸರಿನ ಲೈಸೆನ್ಸು

ಕಳೆದ ತಿಂಗಳು ಸೀವುಡ್ಸಿನಲ್ಲಿ ಅಕ್ಕನ ಮಗಳು ಪ್ರಜ್ಞಾ ಹಿಡಿದಿರುವ ಹೊಸ ಜಾಗಕ್ಕೆ ಕಾಲಿಟ್ಟಾಗ, ಫಿನಾಯಿಲು ಮತ್ತು ಊದುಬತ್ತಿ ಬೆರೆತ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಬೆಳಿಗ್ಗೆ ಬಾರಿಗೆ ಹೋಗಿ ಅಭ್ಯಾಸ ಇರಲಿಕ್ಕಿಲ್ಲ. ಇರುವುದು ಒಳ್ಳೆಯದೂ ಅಲ್ಲ. ಹೋದರೆ ಗೊತ್ತಾಗುತ್ತದೆ, ಆ ಹೊತ್ತಿಗೆ ಅಷ್ಟು ಭಕ್ತಿಯ ಜಾಗ ಇನ್ನೊಂದಿಲ್ಲ. ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಇರುತ್ತವೆ, ಗಲ್ಲಾದ ಮೇಲಿನ ದೇವರಿಗೆ ಹೊಸ ಹೂವು ಬಿದ್ದಿರುತ್ತದೆ, ರಾತ್ರಿ ಜಗಳವಾಡಿದ ವೇಟರುಗಳು ಒಟ್ಟಿಗೆ ಕೂತು ಈರುಳ್ಳಿ ಹೆಚ್ಚುತ್ತಿರುತ್ತಾರೆ.

"ಇದು ಬಾರ್ ಅಲ್ಲ ಮಾಮಾ, ಪಬ್," ಎಂದಳು ಪ್ರಜ್ಞಾ.

"ಎಂತ ವ್ಯತ್ಯಾಸ?"

"ಮ್ಯೂಸಿಕ್ ಇರ್ತದೆ. ಲೈಟ್ ಕಮ್ ಇರ್ತದೆ."

"ನಮ್ಮ ವಿಠ್ಠಲವಾಡಿಯ ಬಾರಿನಲ್ಲೂ ಲೈಟ್ ಕಮ್ಮಿಯೇ ಇತ್ತು. ಕರೆಂಟ್ ಬಿಲ್ ಜಾಸ್ತಿ ಬರ್ತದೆ ಅಂತ ನಿನ್ನ ಅಪ್ಪ ಅರ್ಧ ಬಲ್ಬ್ ತೆಗೆಸಿದ್ದರು."

ಅವಳು ನಕ್ಕಳು, ನಾನೂ ನಕ್ಕೆ. ನಗುತ್ತಲೇ, "ಕ್ಲೋಸಿಂಗ್ ಆಪ್ ಸಂಭಾಲೋಗೇ ನಾ ಮಾಮಾ? ರಾತ್ರಿ ಬಂದ್ ಮಾಡೋದು ನಿಮ್ಮ ಡ್ಯೂಟಿ. ಮಮ್ಮಿಗೆ ನಾನು ಹೇಳ್ತೇನೆ," ಎಂದಳು. ನನ್ನ ನಗು ಅಲ್ಲಿಗೇ ನಿಂತಿತು. ಬಾಗಿಲು ಹಾಕುವ ಕೆಲಸವನ್ನು ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಕೊಡಬಹುದು, ನನಗೆ ಮಾತ್ರ ಕೊಡಬಾರದು. ಯಾಕೆಂದು ನಿಮಗೆ ಹೇಳುತ್ತೇನೆ.

ಭಾವ ತೀರಿಕೊಂಡ ಮೇಲೆ ವಿಠ್ಠಲವಾಡಿಯ ಬಾರಿನ ಲೈಸೆನ್ಸು ಅಕ್ಕನ ಹೆಸರಿಗೆ ಬಂತು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಕಡೆ ಅಲ್ಲಿಲ್ಲಿ ತಿರುಗುತ್ತಿದ್ದ ನನ್ನನ್ನು ಅವಳು ಕರೆಸಿ ಗಲ್ಲಾದಲ್ಲಿ ಕೂರಿಸಿದಳು. ಅಕ್ಕ ಬೆಳಿಗ್ಗೆ ಬಂದು ದೇವರಿಗೆ ದೀಪ ಹಚ್ಚಿ, ಮೀನು ನೋಡಿ, ಹೊರಟುಬಿಡುತ್ತಿದ್ದಳು. ಸಂಜೆಯ ಮೇಲೆ ಆ ಕಡೆ ತಲೆ ಹಾಕಿದವಳಲ್ಲ. ನನ್ನ ತಲೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಲೈಸೆನ್ಸು ತೂಗುತ್ತಿತ್ತು, ಅದರಲ್ಲಿ ಅಕ್ಕನ ಹೆಸರು. ಅವಳು ನನಗೆ ಹಾಕಿದ ಷರತ್ತು ಒಂದೇ: "ಸರಕಾರ ಹೇಳಿದ ಹೊತ್ತಿಗೆ ಶಟರ್ ಕೆಳಗೆ ಬರಬೇಕು. ಮತ್ತೆ ನೀನು ಏನು ಬೇಕಾದರೂ ಮಾಡು."

ಕುಡಿಯುವವರನ್ನು ಎಬ್ಬಿಸುವುದು ಒಂದು ವಿದ್ಯೆ. ಮೊದಲು ವೇಟರ್ ಹೋಗಿ ಮೆಲ್ಲಗೆ "ಲಾಸ್ಟ್ ಆರ್ಡರ್" ಎನ್ನಬೇಕು. ಆಮೇಲೆ ಫ್ಯಾನು ನಿಲ್ಲಿಸಬೇಕು. ಆಮೇಲೆ ಲೈಟೆಲ್ಲ ಹಾಕಿಬಿಡಬೇಕು. ಬೆಳಕಿನಲ್ಲಿ ತಮ್ಮ ಮುಖ ತಾವೇ ನೋಡಿಕೊಂಡು ಎಂಥವರೂ ಏಳುತ್ತಾರೆ. ನನಗೆ ಈ ವಿದ್ಯೆ ಹತ್ತಲಿಲ್ಲ. ಊರಿನಲ್ಲಿ "ಏಯ್" ಎಂದು ಕರೆಸಿಕೊಂಡು ಬೆಳೆದವನನ್ನು ಇಲ್ಲಿ ಬ್ಯಾಂಕಿನ ಸಾಹೇಬರು ಕೂಡ "ಶೇಟ್, ಏಕ್ ಔರ್" ಎಂದು ಬೇಡಿಕೊಳ್ಳುತ್ತಿದ್ದರು. ಶೇಟ್, ಎಂದರೆ ಧಣಿ, ಎನಿಸಿಕೊಳ್ಳುವ ಆಸೆಗೆ ನಾನು ಶಟರನ್ನು ಅರ್ಧ ಇಳಿಸಿ, ಒಳಗೆ ಇನ್ನೊಂದು, ಮತ್ತೊಂದು ಎಂದು ಕೊಡಿಸುತ್ತಿದ್ದೆ. ಹೊರಗೆ ಹೋಗಲು ಅಡುಗೆಮನೆಯ ಹಿಂಬಾಗಿಲು ಇತ್ತು.

ಒಂದು ದಿನ ಅದೇ ಹಿಂಬಾಗಿಲಿನಿಂದ ಅಬಕಾರಿ ಅಧಿಕಾರಿಗಳು ಒಳಗೆ ಬಂದರು. "ಮಾಲಕ ಯಾರು?" ಎಂದು ಕೇಳಿದರು. ಅಷ್ಟು ಹೊತ್ತೂ ಶೇಟ್ ಆಗಿದ್ದವನು ನಾನು. ಬೆರಳೆತ್ತಿ ತಲೆಯ ಮೇಲಿನ ಗಾಜಿನ ಚೌಕಟ್ಟನ್ನು ತೋರಿಸಿದೆ. "ನಾನಲ್ಲ ಸಾಹೇಬರೇ, ಅಕ್ಕ."

ಅಕ್ಕನಿಗೆ ಕರೆ ಹೋಯಿತು. ಹೊರಡುವ ಮೊದಲು ಅವಳು ನನ್ನನ್ನು ಕೇಳಿದಳು: "ಏನಾಯ್ತು ತಮ್ಮ, ನಿಜ ಹೇಳು." ನಾನು "ಗಡಿಯಾರ ನಿಂತಿತ್ತು ಅಕ್ಕ, ಗೊತ್ತೇ ಆಗಲಿಲ್ಲ" ಎಂದೆ. ಪಾಪ, ನಂಬಿದಳು. ಆಫೀಸಿನಲ್ಲಿ ಹತ್ತು ಜನರ ಎದುರು ನಿಂತು ಅದನ್ನೇ ಹೇಳಿದಳು. "ಅಮ್ಮಾ, ಬಾರಿನವರ ಗಡಿಯಾರವೆಲ್ಲ ಆ ಹೊತ್ತಿಗೇ ನಿಲ್ಲುತ್ತದೆ," ಎಂದು ಸಾಹೇಬರು ಮರಾಠಿಯಲ್ಲಿ ಹೇಳಿದರು. ಇದ್ದವರೆಲ್ಲ ನಕ್ಕರು. ಜೊತೆಗೆ ಹೋಗಿದ್ದ ನಾನು ನೆಲ ನೋಡುತ್ತ ನಿಂತಿದ್ದೆ. ಮರಳುವಾಗ ಅಕ್ಕ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದು ಒಂದು ಹೊಸ ಗಡಿಯಾರ ಕೊಂಡು ನನ್ನ ಕೈಯಲ್ಲಿಟ್ಟಳು.

ಬಾರು ಕೆಲವು ಕಾಲ ಮುಚ್ಚಿತು. ಮತ್ತೆ ತೆರೆದಾಗ ಅಕ್ಕ ಅದನ್ನು ಬೇರೆಯವರಿಗೆ ನಡೆಸಲು ಬಿಟ್ಟುಕೊಟ್ಟಳು. ನಾನು ಡೊಂಬಿವಲಿಯ ಒಂದು ವೆಜ್ ಹೋಟೆಲಿನ ಕೌಂಟರಿಗೆ ಸೇರಿದೆ. ಇಡ್ಲಿ ತಿಂದವರು ಒಳ್ಳೆಯ ಜನ; ಕೈ ತೊಳೆದು ಎದ್ದು ಹೋಗುತ್ತಾರೆ, ಇನ್ನೊಂದು ಬೇಕೆಂದು ಹೆಗಲ ಮೇಲೆ ಬಿದ್ದು ಅಳುವುದಿಲ್ಲ. ಅಲ್ಲಿ ನಾನು ಸುಖವಾಗಿದ್ದೆ, ಅಕ್ಕ ಹಬ್ಬಕ್ಕೆ ಊಟಕ್ಕೆ ಕರೆದ ದಿನ ಒಂದನ್ನು ಬಿಟ್ಟು.

ಈಗ ಪ್ರಜ್ಞಾ ತನ್ನ ಹೆಸರಿನ ಕೆಳಗೆ ನನ್ನನ್ನು ಕೂರಿಸಲು ಹೊರಟಿದ್ದಳು. ಸುಮ್ಮನಿದ್ದರೆ ಕೆಲಸ ಸಿಗುತ್ತಿತ್ತು. ಆದರೆ ಆ ಹುಡುಗಿಯನ್ನೂ ಒಂದು ದಿನ ಬೆರಳು ಮಾಡಿ ತೋರಿಸಿಬಿಟ್ಟರೆ? ಸೀದಾ ಸಾನಪಾಡಾಕ್ಕೆ ಅಕ್ಕನ ಮನೆಗೆ ಹೋದೆ. ಅವಳು ಬಸಳೆ ಬಿಡಿಸುತ್ತಿದ್ದಳು.

"ಅಕ್ಕಾ, ಅವತ್ತು ಗಡಿಯಾರ ನಿಂತಿರಲಿಲ್ಲ."

ಅವಳ ಕೈ ನಿಂತಿತು. "ಯಾವತ್ತು?" ಎಂದಳು. ಆಮೇಲೆ ಅವಳಿಗೇ ಹೊಳೆಯಿತು. "ನಾನು ಅಷ್ಟು ಜನರ ಎದುರು ಹೇಳಿದೆನಲ್ಲ ಮಾರಾಯ! ಅವರು ನಕ್ಕರಲ್ಲ!"

"ಹೌದು."

"ಮತ್ತೆ ಆ ಹೊಸ ಗಡಿಯಾರವನ್ನು ಯಾವ ಮುಖದಲ್ಲಿ ಗೋಡೆಗೆ ತೂಗುಹಾಕಿದೆ?"

"ಕೈ ನಡುಗ್ತಿತ್ತು ಅಕ್ಕಾ. ಅದಕ್ಕೇ ಅದು ವಾಲಿತ್ತು."

ಅವಳು ನಗಲಿಲ್ಲ. ಬಸಳೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನೀರು ಕೂಡ ಕೊಡಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಆ ವಾರವೆಲ್ಲ ಫೋನು ಮಾಡಿದರೂ ಎತ್ತಲಿಲ್ಲ. ಪಬ್ಬಿನ ಕೆಲಸ ಹೋಯಿತು, ಅಕ್ಕನೂ ಹೋದಳು ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ಪ್ರಜ್ಞಾಳ ಫೋನು. "ಮಾಮಾ, ಮಮ್ಮಿ ಬೋಲೀ, ಒಳ್ಳೆ ಶರ್ಟ್ ಹಾಕಿ ಬನ್ನಿ. ಸಾನಪಾಡಾ ಸ್ಟೇಷನ್ ಹತ್ತಿರ ಫೋಟೋ ಸ್ಟುಡಿಯೋ."

ಅಕ್ಕ ಸ್ಟುಡಿಯೋದ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡದೆ ಹೇಳಿದಳು: "ಲೈಸೆನ್ಸಿಗೆ ನಿನ್ನ ಹೆಸರೂ ಹಾಕ್ತೇವೆ. ಪಾರ್ಟ್‌ನರ್ ಅಂತ."

"ನನ್ನದು ಎಂತಕ್ಕೆ ಅಕ್ಕಾ? ನಾನೇನು ದುಡ್ಡು ಹಾಕಿದವನಾ?"

"ದುಡ್ಡಿನ ಮಾತಲ್ಲ. ಮಗಳ ಒಬ್ಬಳದೇ ಹೆಸರು ಗೋಡೆಗೆ ಹಾಕಿ ನಿನ್ನನ್ನು ಕೆಳಗೆ ಕೂರಿಸಲಿಕ್ಕೆ ನನಗೆ ಧೈರ್ಯ ಇಲ್ಲ. ನಿನ್ನದೂ ಇರಲಿ. ಆಗ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕ್ತಿ."

"ಸಿಟ್ಟು ಹೋಯ್ತಾ?"

"ಇಲ್ಲ. ಉಂಟು. ಒಳಗೆ ನಡೆ."

ಸ್ಟೂಲಿನ ಮೇಲೆ ಕೂತೆ. ಫೋಟೋದವನು ಬೆಳಕು ಸರಿಮಾಡಿ, "ಕಾಕಾ, ಹಸೂ ನಕಾ, ಸರಕಾರೀ ಫೋಟೋ ಆಹೆ," ಎಂದ. ನಗಬೇಡಿ ಎಂದರೆ ಬಾಯಿ ಮುಚ್ಚಿದಷ್ಟೂ ತೆರೆಯಿತು. ಅವನು ಒಮ್ಮೆ ತೆಗೆದು ಅಳಿಸಿದ, ಇನ್ನೊಮ್ಮೆ ತೆಗೆದು ಅಳಿಸಿದ. ಅಕ್ಕ ಎದ್ದು ಬಂದಳು. ಗಂಟಿಕ್ಕಿದ ಹುಬ್ಬು ಹಾಗೆಯೇ ಇತ್ತು. ಒಳಕ್ಕೆ ಮಡಚಿಹೋಗಿದ್ದ ನನ್ನ ಕಾಲರನ್ನು ಎಳೆದು ಹೊರಗೆ ಹಾಕಿ, ಅಂಗೈಯಿಂದ ಎರಡು ಸಲ ಒತ್ತಿದಳು.

"ಬಾಯಿ ಮುಚ್ಚು ಮಾರಾಯ," ಎಂದಳು. "ಮಾಲಕರ ಹಾಗೆ ಕೂತುಕೋ."