ಮೂರು ಚೀಲದ ದಾರಿ

ಗಿರಣಿ ಕಾಕಾನ ಹಣೆಯ ಮೇಲೆ ವಿಭೂತಿ ಎಲ್ಲಿ ಮುಗಿಯಿತು, ಜೋಳದ ಹಿಟ್ಟು ಎಲ್ಲಿ ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ. ಹುಬ್ಬು, ಕಿವಿಯ ಕೂದಲು, ಅಂಗಿಯ ಕಾಲರು ಎಲ್ಲಾ ಬೆಳ್ಳಗೆ. ಗುಡಗೇರಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಅವನ ಹಿಟ್ಟಿನ ಗಿರಣಿ ಇತ್ತು. ದಾರಿಯ ಹೊತ್ತನ್ನು ಅವನು ಗಡಿಯಾರದಲ್ಲಿ ನೋಡಿದವನಲ್ಲ, ಬೀಸಿದ ಜೋಳದಲ್ಲಿ ಅಳೆದವನು. ಕುಂದಗೋಳ ಎಂದರೆ ಅರ್ಧ ಚೀಲದ ದಾರಿ, ಹುಬ್ಬಳ್ಳಿ ಎಂದರೆ ಒಂದು ಚೀಲ, ಅಂದರೆ ಒಂದು ತಾಸು.

ಅಪ್ಪ ತೀರಿಕೊಂಡ ಮೇಲೆ, ಖೋಖೋ ಆಡಲು ಪರಊರಿಗೆ ಹೊರಟಾಗಲೆಲ್ಲ ನನ್ನನ್ನು ರೈಲು ಹತ್ತಿಸುತ್ತಿದ್ದವನು ಅವನೇ. ನಾನು ಊರು ಮುಟ್ಟಿದ ಸುದ್ದಿ ಬರುವವರೆಗೆ ಒಂದು ತುತ್ತೂ ಎತ್ತುತ್ತಿರಲಿಲ್ಲ. ಅದು ಅವನ ನೇಮ. ಅವನ ಹೆಂಡತಿ, ನಮ್ಮ ಕಾಕು, ಬೈದು ಬೈದು ಸೋತಿದ್ದಳು.

ಮುಂದೆ ನಾನೇ ಆಟ ಕಲಿಸುವವಳಾಗಿ, ಹುಡುಗಿಯರನ್ನು ಕರೆದುಕೊಂಡು ಗುವಾಹಟಿಗೆ ಹೊರಟೆ. ಮೊದಲ ಸಲ ವಿಮಾನ. ರಸ್ತೆಯಲ್ಲಾದರೆ ಸುಮಾರು ಮೂರು ಸಾವಿರ ಕಿಲೋಮೀಟರು, ಬೆಂಗಳೂರಿನಿಂದ ವಿಮಾನದಲ್ಲಿ ಮೂರೇ ತಾಸು ಎಂದು ಜಂಬದಿಂದ ಹೇಳಿದೆ. ಕಾಕಾ ಗಿರಣಿ ನಿಲ್ಲಿಸಿ ಬೆರಳು ಮಡಚಿದ.

"ಅಂದ್ರ ಮೂರು ಚೀಲ. ಹತ್ತಕ್ಕ ಹತ್ತಿದ್ರ ನಾನೂ ಒಂದೂವರಿಗೆ ಊಟಕ್ಕ ಕುಂಡ್ರತೀನಿ ಬಿಡು."

ಇಳಿದ ಕೂಡಲೇ ಫೋನ್ ಮಾಡುತ್ತೇನೆಂದು ಮಾತು ಕೊಟ್ಟೆ. ಇಳಿದ ಕೂಡಲೇ ಮಾಡಿದ್ದು ಫೋಟೋ. ಹುಡುಗಿಯರ ಜೊತೆ ನಕ್ಕಿದ್ದನ್ನು ಸ್ಟೇಟಸ್ಸಿಗೆ ಹಾಕಿದೆ. ಕಾಕಾನದು ಬರೀ ಗುಂಡಿ ಒತ್ತುವ ಫೋನು. ಊರೆಲ್ಲ ನೋಡಿತು, ಅವನು ನೋಡಲಿಲ್ಲ.

ಮರುದಿನ ಮಧ್ಯಾಹ್ನ ಕಾಕುವಿನ ಫೋನು ಬಂತು.

"ಮುಟ್ಟೀಯೇನವ್ವ? ನಿನ್ನಿಯಿಂದ ಇವ್ರ ಹೊಟ್ಟಿಗೆ ಚಾ ಬಿಟ್ರ ಏನೂ ಇಲ್ಲ. ಶುಗರಿನ ಗುಳಿಗಿ ಅಷ್ಟ ನುಂಗ್ಯಾರ. ಈಗ ಗಿರಣ್ಯಾಗ ತಲಿ ತಿರುಗಿ ಬಿದ್ದಬಿಟ್ಟಿದ್ರು."

ಕಾಕು ಮೊದಲೇ ಫೋನ್ ಮಾಡಿ ಕೇಳೋಣವೆಂದರೆ, ಆಟದಲ್ಲಿರುತ್ತಾಳೆ, ತೊಂದರೆ ಕೊಡಬೇಡ ಎಂದು ಅವನೇ ತಡೆದಿದ್ದನಂತೆ. ಈ ಊರಲ್ಲಿ ಫೋನೇ ಹತ್ತುವುದಿಲ್ಲ ಎಂದುಬಿಟ್ಟೆ. ಅದನ್ನು ಹೇಳಿದ್ದೂ ಅದೇ ಫೋನಿನಲ್ಲಿ. ಕಾಕಾ ಫೋನು ಇಸಿದುಕೊಂಡ.

"ನಿಂದೇನ ತಪ್ಪಬೇ ಅದರಾಗ. ವಿಮಾನದ ಲೆಕ್ಕ ನನಗ ತಿಳೀಲಿಲ್ಲ. ಮುಟ್ಟಿದಿಯಲ್ಲ, ಉಣ್ತೀನಿ."

ನಾನು ತಿರುಗಿ ಬರುವಷ್ಟರಲ್ಲಿ ಆ ಸುಳ್ಳು ಅವನ ಮಾತಾಗಿತ್ತು. ಬೀಸಲು ಬಂದವರಿಗೆಲ್ಲ, ಆ ಕಡೆ ಫೋನ್ ಹತ್ತುವುದಿಲ್ಲ, ನಮ್ಮ ಹುಡುಗಿ ಕಣ್ಣಾರೆ ಕಂಡು ಬಂದಿದ್ದಾಳೆ ಎಂದು ಹೇಳುತ್ತಿದ್ದ. ಯಾರಾದರೂ ನಕ್ಕರೆ ಜಗಳಕ್ಕೇ ನಿಲ್ಲುತ್ತಿದ್ದ. ಆಮೇಲೆ ಹಿಟ್ಟಿನ ಡಬ್ಬಿ ಹಿಡಿದು ಎಷ್ಟು ಸಲ ಗಿರಣಿಗೆ ಹೋದೆನೋ. ಹೋದಾಗಲೆಲ್ಲ ನಿಜ ಬಾಯಿಗೆ ಬರುತ್ತಿತ್ತು, ನುಂಗಿಕೊಂಡು ಬರುತ್ತಿದ್ದೆ. ನಾಚಿಕೆಗಿಂತ ಹೆಚ್ಚಾಗಿ, ಅವನ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ ನನಗೆ.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡ. ತೊಳೆದ ಹಣೆಯ ಮೇಲೆ ಅವತ್ತು ವಿಭೂತಿ ಮಾತ್ರ ಇತ್ತು. ಮಣ್ಣು ಮುಗಿಸಿ ಬಂದ ಮೇಲೆ ಕಾಕು ನನ್ನ ಕೈ ಹಿಡಿದು ಬೀಗರ ಮುಂದೆ ಕೂರಿಸಿಕೊಂಡಳು.

"ಇವ್ರು ಒಂದಿನಾ ಉಪಾಸ ಬಿದ್ದದ್ದು ಇಕಿ ಸಲುವಾಗೇ. ಪಾಪ, ಇಕಿಯಾದ್ರೂ ಏನ ಮಾಡಬೇಕು, ಆ ಊರಾಗ ಫೋನ್ ಹತ್ತೂದಿಲ್ಲ. ಹೌದಿಲ್ಲವ್ವ?"

ಎಲ್ಲರೂ ನನ್ನ ಕಡೆ ನೋಡಿದರು.

"ಹೌದು ಕಾಕು," ಎಂದೆ.